ಬಿಳಿ ಟಗರು ಪಕ್ಕದೂರಿಗೆ ಹೋದದ್ದು

ಒಂದು ಪಬ್ಬನ್ನು ಅದರ ಒಲೆ, ಪೀಪಾಯಿ, ಬೆಕ್ಕು ಮತ್ತು ಒಡತಿಯ ಸಮೇತ ಒಂದು ಊರಿನಿಂದ ಎತ್ತಿ ಇನ್ನೊಂದು ಊರಿನಲ್ಲಿಡುವುದು ಸಣ್ಣ ಕೆಲಸವಲ್ಲ. ದೊಡ್ಡ ದೊಡ್ಡ ಇಂಜಿನಿಯರುಗಳೂ ಹಿಂದೆಮುಂದೆ ನೋಡಬೇಕಾದ ಈ ಕೆಲಸವನ್ನು ನಮ್ಮ ಲಯನೆಲ್ ಟಪ್ಪರ್ ಅವರು ಮೇ ತಿಂಗಳ ಒಂದು ಸೋಮವಾರ, ಊಟಕ್ಕೆ ಮುಂಚೆ, ಕೈಯಲ್ಲಿ ವಿಲ್ಲೋ ಮರದ ಒಂದು ಬೆತ್ತ ಬಿಟ್ಟರೆ ಬೇರೇನೂ ಇಲ್ಲದೆ ಮಾಡಿ ಮುಗಿಸಿದರು. ಪಬ್ಬಿನ ಒಂದು ಇಟ್ಟಿಗೆಯೂ ಅಲುಗಲಿಲ್ಲ. ಒಳಗಿದ್ದವರಿಗೆ ತಾವು ಊರು ಬದಲಿಸಿದ್ದು ಗೊತ್ತಾಗಲೂ ಇಲ್ಲ.

ನಮ್ಮ ಊರು ನೆಟಲ್‌ಬಿ, ಪಬ್ಬಿನ ಹೆಸರು ಬಿಳಿ ಟಗರು. ನೆಟಲ್‌ಬಿಯಲ್ಲಿ ಹಿಂದೆ ಅಂಗಡಿಯಿತ್ತು, ಹೋಯಿತು. ಶಾಲೆಯಿತ್ತು; ಈಗ ಅದರಲ್ಲಿ ಲಂಡನ್ನಿನ ದಂತವೈದ್ಯರೊಬ್ಬರು ಬೇಸಿಗೆಗೆ ಬಂದು ಮಲಗುತ್ತಾರೆ. ಬಸ್ಸು ಬುಧವಾರ ಮಾತ್ರ ಬರುತ್ತದೆ, ಅದೂ ಅದಕ್ಕೆ ಮನಸ್ಸು ಬಂದರೆ. ಉಳಿದಿರುವುದು ಚರ್ಚು ಮತ್ತು ಬಿಳಿ ಟಗರು. ಪಕ್ಕದ ಸ್ಟೋಕ್ ಊರಿನವರಿಗೆ ಪಬ್ಬೂ ಇಲ್ಲ, ಅವರದ್ದು ಮುಚ್ಚಿ ಎಷ್ಟೋ ವರ್ಷವಾಯಿತು. ಅಂದಿನಿಂದ ಅವರು ಹೊಲ ದಾಟಿಕೊಂಡು ನಮ್ಮಲ್ಲಿಗೆ ಬರುತ್ತಾರೆ, ಬಾಗಿಲಲ್ಲಿ ಕೆಸರಿನ ಬೂಟು ಬಿಚ್ಚುತ್ತಾರೆ, ಕುರ್ಚಿಗೆ ಕೈ ಹಾಕುವ ಮುಂಚೆ "ಇಲ್ಲಿ ಯಾರಾದ್ರೂ ಕೂತಿದ್ದಾರಾ?" ಎಂದು ಕೇಳುತ್ತಾರೆ. ಆ ಪ್ರಶ್ನೆ ಕೇಳಿಸಿಕೊಳ್ಳುವುದರಲ್ಲಿ ನಮಗಿದ್ದ ಸುಖ ಬಿಯರಿನಲ್ಲೂ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಯೇಸುವಿನ ಸ್ವರ್ಗಾರೋಹಣದ ಗುರುವಾರ ಬರುತ್ತದಲ್ಲ, ಅದಕ್ಕೆ ಮುಂಚಿನ ಸೋಮವಾರ ನಮ್ಮ ಊರಿಗೆ ಊರೇ ಗಡಿ ನಡೆಯುತ್ತದೆ. ಮುಂದೆ ಬೆತ್ತ ಹಿಡಿದ ಮುಂದಾಳು, ಅವನ ಹಿಂದೆ ಪಾದ್ರಿ, ಪಾದ್ರಿಯ ಹಿಂದೆ ಒಂದು ತುತ್ತೂರಿ, ಅದರ ಹಿಂದೆ ನಾವೆಲ್ಲ. ಗಡಿಕಲ್ಲು ಸಿಕ್ಕಲ್ಲೆಲ್ಲ ಬೆತ್ತದಿಂದ ಬಾರಿಸಿ, ಒಂದು ಪ್ರಾರ್ಥನೆ ಹೇಳಿ, ಊರು ಸುತ್ತಿ ಬಂದು ಬಿಳಿ ಟಗರಿನ ಹಿಂಬಾಗಿಲಲ್ಲಿರುವ ಕೊನೆಯ ಕಲ್ಲಿಗೆ ಬಾರಿಸಿ ಒಳಹೋಗಿ ಕುಡಿಯುವುದು. ನಿಯಮ ಒಂದೇ: ಕಾಲು ಹೋದದ್ದೇ ಗಡಿ. ಗಡಿಯ ಮೇಲೆ ಹಳ್ಳ ಬಂದರೆ ಹಳ್ಳಕ್ಕಿಳಿಯಬೇಕು. ಮನೆ ಬಂದರೆ ಬಾಗಿಲಿಂದ ಹೊಕ್ಕು ಕಿಟಕಿಯಿಂದ ಹೊರಬೀಳಬೇಕು. ಕಾಲು ಬಿಟ್ಟ ನೆಲವನ್ನು ಪಕ್ಕದೂರಿನವರು ಇಟ್ಟುಕೊಳ್ಳಬಹುದು. ನಮ್ಮ ಅಜ್ಜಂದಿರ ಕಾಲದಲ್ಲಿ ಸ್ಟೋಕಿನವರ ಮುಂದಾಳಿಗೆ ಶೀತವಾಗಿತ್ತಂತೆ. ಅವನು ಬಾತುಕೋಳಿ ಕೆರೆಗೆ ಇಳಿಯದೆ ದಡದ ಮೇಲೆ ಸುತ್ತಿ ಹೋದ. ಆ ಕೆರೆ ಇವತ್ತಿಗೂ ನಮ್ಮದು.

ನಲವತ್ತು ವರ್ಷ ಆ ಬೆತ್ತ ಸೆಡ್ರಿಕ್ ಯೋಲ್ ಅವರ ಕೈಯಲ್ಲಿತ್ತು. ಸೆಡ್ರಿಕ್ ಊರಿಗೆಲ್ಲ ಹಿರಿಯರು, ಮದುವೆಯ ತಂಟೆಗೆ ಹೋಗದವರು, ನಾಲಿಗೆ ಒರಟು. ಅವರ ಮನೆ ಗಡಿಯ ಮೇಲೇ ಕೂತಿದೆ. ಅವರ ಅಡುಗೆಮನೆ ಬಾಗಿಲಿಂದ ಹೊಕ್ಕು, ಆಚೆ ಕೋಣೆಯ ಕಿಟಕಿಯಿಂದ ಇಳಿದು, ಹಿತ್ತಿಲು ದಾಟಿದರೆ ಸಿಕ್ಕುವುದೇ ಬಿಳಿ ಟಗರಿನ ಹಿಂಬಾಗಿಲು. ಈ ವರ್ಷ ಚಳಿಗಾಲದಲ್ಲಿ ಅವರ ಮಂಡಿ ಹೋಯಿತು. ಪಬ್ಬಿನಲ್ಲಿ ಎಲ್ಲರ ಮುಂದೆ ಬೆತ್ತವನ್ನು ಮೇಜಿನ ಮೇಲಿಟ್ಟು, "ಯಾರು ತಗೊಳ್ತೀರೋ ತಗೊಳ್ಳಿ, ನನಗೇನೂ ಬೇಜಾರಿಲ್ಲ. ಸಾಕಾಗಿತ್ತು" ಎಂದರು.

ಇಂಥದ್ದಕ್ಕೆ ನೆಟಲ್‌ಬಿಯಲ್ಲಿ ಒಂದು ರೀತಿಯಿದೆ. ಮೊದಲು ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳಬೇಕು. ಆಮೇಲೆ ಯಾರೋ ಇನ್ನೊಬ್ಬರ ಹೆಸರು ಹೇಳಬೇಕು, ಅವರು ಬೇಡ ಎನ್ನಬೇಕು. ಮತ್ತೆ ಹೇಳಬೇಕು, ಮತ್ತೆ ಬೇಡ ಎನ್ನಬೇಕು. ಮೂರನೆಯ ಸಲ ಹಲ್ಲುನೋವು ಬಂದವರ ಮುಖ ಮಾಡಿಕೊಂಡು ಒಪ್ಪಬೇಕು. ನಾವೆಲ್ಲ ಇನ್ನೂ ಬೂಟಿನ ಹಂತದಲ್ಲೇ ಇದ್ದಾಗ ಒಂದು ಕೈ ಮೇಲೆದ್ದಿತು.

"ನಾನ್ ತಗೊಳ್ತೀನಿ!" ಎಂದರು ಲಯನೆಲ್ ಟಪ್ಪರ್.

ಅಷ್ಟೊಂದು ಉತ್ಸಾಹವನ್ನು ಬಿಳಿ ಟಗರು ಅದರ ಜನ್ಮದಲ್ಲೇ ನೋಡಿರಲಿಲ್ಲ. ಒಡತಿ ಬೆರಿಲ್ ಲೋಟ ಒರೆಸುವುದನ್ನು ನಿಲ್ಲಿಸಿದಳು. ಯಾರೋ ಕೆಮ್ಮಿದರು.

ಲಯನೆಲ್ ಕವೆಂಟ್ರಿಯವರು. ನಮ್ಮ ಊರಿಗೆ ಬಂದು ಇಪ್ಪತ್ತು ವರ್ಷ ಎಂದೋ ದಾಟಿತ್ತು. ಚರ್ಚಿನ ಅಂಗಳದ ಹುಲ್ಲು ಕತ್ತರಿಸುವವರು ಅವರು. ಕ್ರಿಸ್‌ಮಸ್ ನಾಟಕದಲ್ಲಿ ಕತ್ತೆಯ ಹಿಂಭಾಗ ಅವರು. ಯಾರ ಮನೆಯಲ್ಲಿ ಸಾವಾದರೂ ಮೊದಲು ಸೂಪು ತರುವವರು ಅವರು. ಆದರೂ ಊರಿನ ಬಾಯಲ್ಲಿ ಅವರು "ಆ ಹೊಸಬ್ರು". ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಅವರಿಗಿಂತ ಬಹಳ ಮುಂಚೆ ಬಂದು, ಇಲ್ಲೇ ತೊಂಬತ್ತು ದಾಟಿ ತೀರಿಕೊಂಡ ಪ್ಲಂಪ್‌ಟನ್ ಅಜ್ಜಿಯ ಸಮಾಧಿಯ ಮೇಲೂ "ಲೆಸ್ಟರ್‌ನವರು" ಎಂದೇ ಕೆತ್ತಿದ್ದೇವೆ. ಲಯನೆಲ್‌ಗೆ ಬದುಕಿನಲ್ಲಿ ಉಳಿದಿದ್ದದ್ದು ಒಂದೇ ಆಸೆ. ಒಮ್ಮೆ, ಒಂದೇ ಒಂದು ಸಲ, ಯಾರಾದರೂ ಅವರನ್ನು ತೋರಿಸಿ "ನಮ್ಮೂರಿನವರು" ಎನ್ನಬೇಕು.

ಬೆತ್ತ ಸಿಕ್ಕಿದ್ದೇ ಅವರು ಗರಿ ಸಿಕ್ಕಿಸಿದ ಹಸಿರು ಟೊಪ್ಪಿಯೊಂದನ್ನು ತರಿಸಿದರು. ಪ್ರತಿದಿನ ಬೆಳಿಗ್ಗೆ ಹಿತ್ತಿಲಲ್ಲಿ ಹೂಕುಂಡಗಳನ್ನು ಗಡಿಕಲ್ಲೆಂದು ಭಾವಿಸಿ ಬಾರಿಸತೊಡಗಿದರು.

"ಲಯನೆಲ್, ಅದು ಜೆರೇನಿಯಂ," ಎಂದಳು ಹೆಂಡತಿ ಮ್ಯೂರಿಯಲ್ ಕಿಟಕಿಯಿಂದ.

"ಗೊತ್ತು ಕಣೆ. ಈಗ ಅದು ಉತ್ತರದ ಗಡಿ."

"ನಿನ್ನೆ ಉತ್ತರದ ಗಡಿ ಒಡೆದು ಎರಡಾಯ್ತು. ನಾಳೆಯಿಂದ ಬಕೆಟ್ ಮೇಲೆ ಕಲಿ."

ಸೋಮವಾರ ಬಂತು. ಲಯನೆಲ್ ನಡೆದ ರೀತಿಗೆ ಹೆಸರಿಡಲು ಯಾರಿಗೂ ಸಾಧ್ಯವಿರಲಿಲ್ಲ. ಹಳ್ಳಕ್ಕೆ ಸೊಂಟದ ಮಟ್ಟ ಇಳಿದರು. ಮುಳ್ಳುಬೇಲಿಯೊಳಗೆ ತಲೆ ಮೊದಲು ಮಾಡಿ ಹೊಕ್ಕು, ಟೊಪ್ಪಿಯ ಗರಿಯನ್ನು ಅಲ್ಲೇ ಬಿಟ್ಟು ಆಚೆ ಬಂದರು. ದಂತವೈದ್ಯರ ಮನೆಯ ಊಟದ ಕೋಣೆಯಲ್ಲಿ ಅರವತ್ತು ಜನ ಸಾಲಾಗಿ ಹಾದುಹೋಗುವಾಗ ಆ ಮನೆಯ ಅತಿಥಿಗಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕ್ಷಮೆ ಕೇಳಿದರು. ನಾನು ಚರ್ಚಿನ ಗಂಟೆ ಹೊಡೆಯುವವನು, ಸಾಲಿನ ಕೊನೆಯಲ್ಲಿ ರೊಟ್ಟಿಯ ಬುಟ್ಟಿ ಹೊತ್ತು ಬರುತ್ತಿದ್ದೆ. ಅಷ್ಟು ದೂರದಿಂದಲೂ ಅವರ ಬೆನ್ನು ಎಷ್ಟು ನೆಟ್ಟಗಿದೆ ಎಂಬುದು ಕಾಣುತ್ತಿತ್ತು.

ಕೊನೆಗೆ ಸೆಡ್ರಿಕ್ ಅವರ ಮನೆ ಬಂತು. ಅಡುಗೆಮನೆಯ ಬಾಗಿಲು ತೆರೆದಿತ್ತು. ಲಯನೆಲ್ ಹೊಸ್ತಿಲ ಬಳಿ ಹೋಗಿ ತಲೆ ಒಳಗಿಟ್ಟರು. ಆಗ ಅವರು ಕಂಡದ್ದು ನಮಗೆ ಗೊತ್ತಾದದ್ದು ಗುರುವಾರ. ಆದರೆ ಓದುವವರನ್ನು ಅಲ್ಲಿಯವರೆಗೆ ಕಾಯಿಸುವುದು ಮರ್ಯಾದೆಯಲ್ಲ. ಒಳಗೆ ಸೆಡ್ರಿಕ್ ಯೋಲ್ ಬಾಗಿಲಿಗೆ ಬೆನ್ನು ಹಾಕಿ, ಉದ್ದ ಒಳಚಡ್ಡಿಯಲ್ಲಿ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಪೊರಕೆ ಹಿಡಿದು ಅಡುಗೆಮನೆಯ ಮೇಜನ್ನು ಸುತ್ತುತ್ತಿದ್ದರು. ಮೇಜಿನ ಒಂದೊಂದು ಕಾಲಿನ ಬಳಿಯೂ ನಿಂತು, ಪೊರಕೆಯಿಂದ ಬಾರಿಸಿ, ಆಯಾ ಗಡಿಕಲ್ಲಿನ ಪ್ರಾರ್ಥನೆಯನ್ನು ಹೇಳುತ್ತಿದ್ದರು. ಮತ್ತು ಅಳುತ್ತಿದ್ದರು. ಕಿವಿ ಮಂದವಾದ್ದರಿಂದ ತುತ್ತೂರಿ ಇಷ್ಟು ಹತ್ತಿರ ಬಂದದ್ದು ಅವರಿಗೆ ತಿಳಿದಿರಲಿಲ್ಲ.

ಲಯನೆಲ್ ತಲೆ ಹಿಂದಕ್ಕೆ ತೆಗೆದರು. ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು. ಅರವತ್ತು ಜನರತ್ತ ತಿರುಗಿ ಬೆತ್ತ ಎತ್ತಿ, "ಬಲಕ್ಕೆ!" ಎಂದು ಕೂಗಿ, ಮನೆಯನ್ನು ಸುತ್ತುಹಾಕಿ, ಪಬ್ಬಿನ ಮುಂದಿನ ದಾರಿಗೆ ಇಳಿದೇಬಿಟ್ಟರು.

ಅದು ತಪ್ಪು ದಾರಿಯೆಂದು ಅರವತ್ತು ಜನರಿಗೂ ಗೊತ್ತಿತ್ತು. ಹಾಗೆ ಹೋದರೆ ಸೆಡ್ರಿಕ್ ಅವರ ಮನೆಯೂ ಬಿಳಿ ಟಗರೂ ಗಡಿಯಾಚೆ ಉಳಿಯುತ್ತವೆಂದೂ ಗೊತ್ತಿತ್ತು. ಹೇಳಲಿಲ್ಲವೇಕೆ ಎಂದು ನೀವು ಕೇಳಬಹುದು. ಅಷ್ಟು ಗಟ್ಟಿಯಾಗಿ ಹೆಜ್ಜೆ ಹಾಕುತ್ತಿರುವವರನ್ನು ಹೆಂಡತಿಯ ಎದುರಿಗೆ ತಿದ್ದುವುದು ಹೇಗೆ? ಲಯನೆಲ್ ಹಿಂದೆಯೇ ಇದ್ದ ನಮ್ಮ ಪಾದ್ರಿಯಮ್ಮ ಹಿಲರಿ ಎರಡು ಸಲ ಗಂಟಲು ಸರಿಮಾಡಿಕೊಂಡರು. ತುತ್ತೂರಿಯವನು ಅನುಮಾನ ಸೂಚಿಸಲು ಅರ್ಧ ಸ್ವರ ಇಳಿಸಿ ಊದಿದ. ನಾನು ಮುಂದಿನವರ ಬೆನ್ನಿಗೆ, "ಈ ಕಡೆ ಬಿಸಿಲು ಚೆನ್ನಾಗಿದೆ, ಅಲ್ವಾ?" ಎಂದೆ. ಅದಕ್ಕಿಂತ ಕಟುವಾಗಿ ಎಚ್ಚರಿಸುವುದು ನಮ್ಮ ಕಡೆ ಒರಟುತನ. ಹೀಗೆ ಅರವತ್ತು ಮಂದಿ ತುಟಿ ಬಿಗಿಹಿಡಿದು, ಕಣ್ಣಾರೆ ನೋಡುತ್ತ ನೋಡುತ್ತ, ತಮ್ಮ ಪಬ್ಬನ್ನು ಕಳೆದುಕೊಂಡರು.

ಬೆರಿಲ್ ಪ್ರತಿ ವರ್ಷದಂತೆ ಲೋಟ ತುಂಬಿಸಿಟ್ಟು, ಕಡುಬು ಜೋಡಿಸಿ, ಹಿಂಬಾಗಿಲಲ್ಲಿ ಕಾಯುತ್ತಿದ್ದಳು. ನಾವು ಮುಂಬಾಗಿಲಿಂದ ಒಳಗೆ ಬಂದೆವು. ಅವಳು ಹಿಂದಿನ ಬಾಗಿಲನ್ನು ನೋಡಿದಳು, ನಮ್ಮನ್ನು ನೋಡಿದಳು.

"ನೀವು ಯಾವ್ ಕಡೆಯಿಂದ ಬಂದ್ರಿ?"

ಎಲ್ಲರೂ ಕಡುಬು ನೋಡಿದರು.

"ಯಾವ್ ಕಡೆಯಿಂದ ಬಂದ್ರಿ ಅಂದೆ."

"ಮುಂದಿನಿಂದ," ಎಂದರು ಲಯನೆಲ್. ಅವರ ಮೈಯಿಂದ ಹಳ್ಳದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಬೆರಿಲ್ ಒಂದು ಕುರ್ಚಿ ಎಳೆದುಕೊಂಡು ಕುಳಿತಳು. "ಹಾಗಾದ್ರೆ ನಾನೀಗ ಸ್ಟೋಕಲ್ಲಿದ್ದೀನಾ?" ಎಂದಳು.

ಸ್ಟೋಕಿನವರಿಗೆ ಸುದ್ದಿ ಹೇಗೆ ಮುಟ್ಟಿತೋ. ಮೊದಲ ಲೋಟ ಖಾಲಿಯಾಗುವುದರೊಳಗೆ ಅವರ ಪಂಚಾಯಿತಿಯ ಮುಖ್ಯಸ್ಥ ಮೇಜರ್ ಫೆನ್‌ವಿಕ್ ಬಾಗಿಲಲ್ಲಿ ನಿಂತಿದ್ದರು. ಸಾವಿನ ಮನೆಗೆ ಬಂದವರ ಹಾಗೆ ಟೊಪ್ಪಿಯನ್ನು ಎದೆಗೆ ಹಿಡಿದಿದ್ದರು.

"ಈ ಹೊತ್ತಲ್ಲಿ ಬಂದಿದ್ದಕ್ಕೆ ಕ್ಷಮಿಸಿ," ಎಂದರು. "ನಮಗೇನೂ ಅವಸರ ಇಲ್ಲ. ನಿಮ್ಮ ಊಟ ಮುಗೀಲಿ. ನಾಳೆ ನಾಡಿದ್ದು ನಿಧಾನವಾಗಿ ತಗೊಳ್ತೀವಿ."

"ಏನ್ ತಗೊಳ್ತೀರಿ?" ಎಂದಳು ಬೆರಿಲ್.

"ನಿಮ್ಮನ್ನೇ ಬೆರಿಲ್, ನಿಮ್ಮನ್ನೇ. ಸ್ಟೋಕ್ ನಿಮ್ಮನ್ನ ಹೃತ್ಪೂರ್ವಕವಾಗಿ ಸ್ವಾಗತಿಸುತ್ತೆ."

ಹೇಳಿ ಒಲೆಯ ಪಕ್ಕದ ಕುರ್ಚಿಯನ್ನು ಎಳೆದು ಕುಳಿತರು. ಯಾರಾದರೂ ಕೂತಿದ್ದಾರಾ ಎಂದು ಕೇಳಲಿಲ್ಲ. ಇಡೀ ಪಬ್ಬು ಅದನ್ನು ಗಮನಿಸಿತು. ನನ್ನ ಪಕ್ಕದಲ್ಲಿದ್ದವರು ತಿನ್ನುತ್ತಿದ್ದ ಕಡುಬನ್ನು ತಟ್ಟೆಯಲ್ಲಿಟ್ಟರು.

ಪಾದ್ರಿಯಮ್ಮ ಆಗ ಒಂದು ಹಳೆಯ ಪದ್ಧತಿಯನ್ನು ನೆನಪಿಸಿದರು. ದಾರಿಯಲ್ಲಿ ನಿಜವಾದ ತಡೆ ಏನಾದರೂ ಬಂದು ನಡಿಗೆ ತಪ್ಪಿದ್ದರೆ, ಗುರುವಾರ ಸೂರ್ಯ ಮುಳುಗುವುದರೊಳಗೆ ಅದೇ ಜಾಗದಿಂದ ಮತ್ತೆ ನಡೆದು ಸರಿಪಡಿಸಬಹುದು. ಆದರೆ ತಡೆ ಏನೆಂದು ಮುಂದಾಳು ಎರಡೂ ಊರಿನವರ ಎದುರು ಬಾಯಿಬಿಟ್ಟು ಹೇಳಬೇಕು. ತಡೆಯಿಲ್ಲದೆ ಸುಮ್ಮನೆ ದಾರಿ ತಪ್ಪಿದ್ದರೆ ಹೋದದ್ದು ಹೋಯಿತು. ಎಲ್ಲರೂ ಆಸೆಯಿಂದ ಲಯನೆಲ್ ಕಡೆ ತಿರುಗಿದರು.

"ತಡೆ ಏನಿತ್ತು, ಲಯನೆಲ್?" ಎಂದರು ಪಾದ್ರಿಯಮ್ಮ, ಮಗುವನ್ನು ಕೇಳುವ ದನಿಯಲ್ಲಿ.

ಲಯನೆಲ್ ಟೊಪ್ಪಿ ತೆಗೆದರು. "ಹೇಳೋ ಹಾಗಿಲ್ಲ," ಎಂದರು.

ಆಮೇಲಿನ ಮೂರು ದಿನ ಊರು ಲಯನೆಲ್ ಅವರನ್ನು ಶಿಕ್ಷಿಸಿದ ಬಗೆ ಹೊರಗಿನವರಿಗೆ ಕಾಣುವಂಥದ್ದಲ್ಲ. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಮೊದಲು "ಗುಡ್ ಮಾರ್ನಿಂಗ್, ಲಯನೆಲ್" ಎನ್ನುತ್ತಿದ್ದವರು ಈಗ "ಮಾರ್ನಿಂಗ್" ಎಂದು ನಿಲ್ಲಿಸಿದರು. ಚರ್ಚಿನ ಹುಲ್ಲನ್ನು ಅವರಿಗೆ ತಿಳಿಸದೆ ಇನ್ನೊಬ್ಬರು ಕತ್ತರಿಸಿದರು. ಮ್ಯೂರಿಯಲ್ ಮಾಡಿ ಕಳಿಸಿದ ಕೇಕು "ತುಂಬಾ ಥ್ಯಾಂಕ್ಸ್, ಆದ್ರೆ ನಮ್ಮಲ್ಲಿ ಆಗ್ಲೇ ಒಂದಿದೆ" ಎಂಬ ಮಾತಿನೊಂದಿಗೆ ನಾಲ್ಕು ಮನೆ ತಿರುಗಿ ಅವಳ ಮನೆಗೇ ವಾಪಸು ಬಂತು. ನೆಟಲ್‌ಬಿಯಲ್ಲಿ ಇದು ಕಲ್ಲು ಹೊಡೆದದ್ದಕ್ಕೆ ಸಮ.

ಸೆಡ್ರಿಕ್ ಮಾತ್ರ ಬಾಯಿಬಿಟ್ಟೇ ಬೈದರು. ನಲವತ್ತು ವರ್ಷ ಕಾದ ಗಡಿ ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವರ ಮನೆಯೂ ಗಡಿಯಾಚೆ ಬಿದ್ದು ಸ್ವತಃ ಅವರೇ ಸ್ಟೋಕಿನವರಾಗಿದ್ದರು. "ಈ ಊರಲ್ಲಿ ಹುಟ್ಟಿ, ಈ ಊರಲ್ಲಿ ಹಲ್ಲು ಬಿದ್ದು, ಈಗ ಹೋಗಿ ಸ್ಟೋಕಲ್ಲಿ ಸಾಯ್ಬೇಕೇನಯ್ಯಾ ನಾನು?" ಎಂದು ದಾರಿಯಲ್ಲಿ ಸಿಕ್ಕ ಲಯನೆಲ್‌ಗೆ ಊರುಗೋಲು ತೋರಿಸಿದರು.

"ಕ್ಷಮಿಸಿ, ಸೆಡ್ರಿಕ್," ಎಂದರು ಲಯನೆಲ್.

"ಕ್ಷಮೆ ತಗೊಂಡ್ ಏನ್ ಮಾಡ್ಲಿ? ಕವೆಂಟ್ರಿಯವರ ಕೈಗೆ ಬೆತ್ತ ಕೊಟ್ಟಿದ್ದು ನನ್ನ ತಪ್ಪು!"

ಮೇಜರ್ ಅವರು ಪ್ರಾಮಾಣಿಕರು. ಎಲ್ಲ ಕ್ರಮಬದ್ಧವಾಗಿರಲಿ ಎಂದು ಜಿಲ್ಲಾ ಕಚೇರಿಗೆ ಫೋನು ಮಾಡಿದ್ದರು. ಬುಧವಾರ ಅಲ್ಲಿಂದ ಒಬ್ಬ ಸಭ್ಯ ತರುಣ ಬಂದ. ಬಿಳಿ ಟಗರಿನಲ್ಲಿ ನಕ್ಷೆ ಹರಡಿ ನಗುತ್ತ ಹೇಳಿದ: "ಯಾರೂ ಗಾಬರಿಯಾಗೋದ್ ಬೇಡ. ಗಡಿ ನಕ್ಷೆಯಲ್ಲಿದೆ. ಯಾರು ಎಲ್ಲಿ ನಡೆದ್ರೂ ಅದು ಬದಲಾಗಲ್ಲ. ಕಾನೂನಿನ ಪ್ರಕಾರ ಏನೂ ಆಗೇ ಇಲ್ಲ."

"ಹಾಗಾದ್ರೆ ನಾವು ಇಷ್ಟು ವರ್ಷ ಯಾಕಪ್ಪಾ ನಡೆದಿದ್ದು?" ಎಂದಳು ಬೆರಿಲ್.

"ಅದು… ವ್ಯಾಯಾಮಕ್ಕೆ?" ಎಂದ ತರುಣ.

ಅವನ ಒಳ್ಳೆಯ ಅದೃಷ್ಟಕ್ಕೆ ಮೇಜರ್ ಅಲ್ಲಿದ್ದರು. ಹೆಗಲ ಮೇಲೆ ಕೈಹಾಕಿ ಅವನನ್ನು ಕಾರಿನವರೆಗೆ ಕರೆದುಕೊಂಡು ಹೋದರು. "ನೀನಿನ್ನೂ ಚಿಕ್ಕವನು," ಎಂದರಂತೆ. "ಎರಡು ಊರಿನವರು ದುಃಖದಲ್ಲಿರುವಾಗ ಕಾನೂನಿನ ಮಾತು ಆಡ್ಬಾರ್ದು." ಆ ಕ್ಷಣದಲ್ಲಿ ನಮಗೆ ಮೇಜರ್ ಮೇಲೆ ಗೌರವ ಬಂದದ್ದು ನಿಜ. ಒಳಗೆ ಬಂದು ಮತ್ತೆ ಒಲೆಯ ಪಕ್ಕದಲ್ಲಿ ಕುಳಿತಾಗ ಅದು ಹೋಯಿತು.

ಬೆರಿಲ್ ಅವತ್ತು ನನಗೆ ಹೇಳಿದಳು: "ಎರಡು ರಾತ್ರಿ ಸ್ಟೋಕಲ್ಲಿ ಮಲಗಿದೀನಿ ಕಣಪ್ಪಾ. ಅದೇ ಮಂಚ, ಅದೇ ದಿಂಬು. ನಿದ್ದೆ ಬರ್ತಾ ಇಲ್ಲ."

ಲಯನೆಲ್ ಅವರ ಮನೆಯಲ್ಲೂ ನಿದ್ದೆಯಿರಲಿಲ್ಲ. ಮ್ಯೂರಿಯಲ್ ಆಮೇಲೆ ನಮಗೆಲ್ಲ ಹೇಳಿದ ಪ್ರಕಾರ, ಆ ದಿನ ಅವರಿಬ್ಬರ ನಡುವೆ ನಡೆದದ್ದು ಇಷ್ಟು.

"ನನಗಾದ್ರೂ ಹೇಳು. ಏನ್ ನೋಡ್ದೆ ಅಲ್ಲಿ?"

"ಏನೂ ಇಲ್ಲ."

"ಲಯನೆಲ್, ನಾನು ಯಾರಿಗೂ ಹೇಳಲ್ಲ."

"ನೀನ್ ಹೇಳಲ್ಲ ಮ್ಯೂರಿಯಲ್, ನಿನ್ನ ಮುಖ ಹೇಳ್ಬಿಡುತ್ತೆ."

ಅವಳು ವಾಪಸು ಬಂದ ಕೇಕಿನ ಮೇಲೆ ತಟ್ಟೆ ಮುಚ್ಚಿದಳು. "ನೀನ್ ಹೇಳ್ದೆ ಇದ್ರೆ ಈ ಊರಲ್ಲಿ ನಮಗೆ ಜಾಗ ಇರಲ್ಲ. ಗೊತ್ತು ತಾನೇ?"

"ಗೊತ್ತು," ಎಂದು ಲಯನೆಲ್ ಎದ್ದು ಅಟ್ಟದಿಂದ ಸೂಟ್‌ಕೇಸು ಇಳಿಸಿದರು.

ಗುರುವಾರ ಸಂಜೆ ಸಭೆ ಸೇರಿತು. ಸಭೆಯೆಂದರೆ ನಮಗೆ ಬಿಳಿ ಟಗರೇ. ಆದರೆ ಅದೀಗ ಪರ ಊರಾದ್ದರಿಂದ ಮೇಜರ್ ಅವರ ಅನುಮತಿ ಕೇಳಬೇಕಾಯಿತು. ಅವರು ಧಾರಾಳವಾಗಿ ಕೊಟ್ಟರು. ನಮಗೆ ಹೆಚ್ಚು ಉರಿದದ್ದು ಅದೇ. ಒಂದು ಕಡೆ ನೆಟಲ್‌ಬಿ, ಇನ್ನೊಂದು ಕಡೆ ಸ್ಟೋಕ್, ನಡುವೆ ಲಯನೆಲ್. ಕಿಟಕಿಯಲ್ಲಿ ಸೂರ್ಯ ಚರ್ಚಿನ ಗೋಪುರದ ಹೆಗಲಿಗೆ ಬಂದಿದ್ದ. ಊರಿನವರು ಲಯನೆಲ್‌ಗೆ ಬದುಕಿಕೊಳ್ಳಲು ಒಂದು ದಾರಿ ಮಾಡಿಕೊಡಬೇಕೆಂದು ಮೊದಲೇ ಮಾತಾಡಿಕೊಂಡಿದ್ದರು.

"ಲಯನೆಲ್, ನೆನಪು ಮಾಡ್ಕೊಳ್ಳಿ," ಎಂದರು ಪಾದ್ರಿಯಮ್ಮ. "ಅಲ್ಲಿ ಗೂಳಿ ಏನಾದ್ರೂ ಇತ್ತಾ?"

"ಅಡುಗೆಮನೆಯಲ್ಲಾ? ಇಲ್ಲ."

"ಹಸು?" ಎಂದಳು ಬೆರಿಲ್.

"ಇಲ್ಲ."

"ಹಸು ಥರದ್ದು ಏನಾದ್ರೂ?"

"ಇಲ್ಲ, ಬೆರಿಲ್."

"ಹೆಬ್ಬಾತು ಇದ್ದಿರ್ಬಹುದು," ಎಂದೆ ನಾನು. "ಒಂದು ಹೆಬ್ಬಾತು ಸಾಕು. ಕೆಟ್ಟ ಕೋಪದ್ದು."

"ಹೆಬ್ಬಾತು ನಮಗೆ ಒಪ್ಪಿಗೆ," ಎಂದರು ಮೇಜರ್ ಉದಾರವಾಗಿ.

ಲಯನೆಲ್ ಒಂದು ಕ್ಷಣ ಆ ಹೆಬ್ಬಾತನ್ನು ಆಸೆಯಿಂದ ನೋಡಿದರು ಎಂದು ನನಗನ್ನಿಸಿತು. ಒಂದು ಮಾತು ಹೇಳಿದರೆ ಪಬ್ಬು ವಾಪಸು, ಊರು ವಾಪಸು. ಆದರೆ ಅವರು ಪಾದ್ರಿಯಮ್ಮನ ಮುಖ ನೋಡಿ ತಲೆಯಾಡಿಸಿದರು. "ಹೆಬ್ಬಾತು ಇರ್ಲಿಲ್ಲ. ಇತ್ತು ಅಂದ್ರೆ ಸುಳ್ಳಾಗತ್ತೆ. ಏನಿತ್ತು ಅಂತ ನಾನ್ ಹೇಳಲ್ಲ. ತಪ್ಪೆಲ್ಲ ನಂದೇ ಅಂತ ಬರ್ಕೊಳ್ಳಿ. ನಾವು ಶನಿವಾರ ಹೊರಡ್ತೀವಿ."

ಸೆಡ್ರಿಕ್ ಊರುಗೋಲಿನಿಂದ ನೆಲ ಗುದ್ದಿದರು.

"ಹೊರಡು! ನನ್ನ ಪ್ರಾಯದಲ್ಲಿ ಗಡಿ ಮೇಲೆ ಬೆಂಕಿ ಬಿದ್ದಿದ್ರೂ ಒಳಗೆ ನುಗ್ತಿದ್ದೆ ನಾನು! ನಿನಗೋಸ್ಕರ ಬಾಗಿಲು ತೆರೆದಿಟ್ಟಿದ್ದೆ ಕಣಯ್ಯಾ. ನಾನೇ, ನನ್ನ ಕೈಯಾರೆ. ಇಣುಕಿ ನೋಡೋ ಧೈರ್ಯನೂ ಬರ್ಲಿಲ್ಲ ನಿನಗೆ. 'ಬಲಕ್ಕೆ' ಅಂತೆ, 'ಬಲಕ್ಕೆ'! ಆಮೇಲೆ ನಾನು ತಿರುಗಿ ನೋಡಿದ್ರೆ ಬಾಗಿಲು ಮುಚ್ಚಿದೆ. ಆ ಬಾಗಿಲೇನು ಗಾಳಿಗೆ ಮುಚ್ಚೋದಾ? ಕೀಲು ಸಡಿಲ ಅದು. ಎರಡೂ ಕೈಯಲ್ಲಿ ಎತ್ತಿ ಹಿಡಿದು ಮುಚ್ಬೇಕು, ಇಲ್ಲಾಂದ್ರೆ ಕಿರ್ರ್ ಅನ್ನುತ್ತೆ. ಯಾರೋ ಎತ್ತಿ ಹಿಡಿದು, ಮೆತ್ತಗೆ…"

ಅಲ್ಲಿಗೆ ಅವರ ಮಾತು ನಿಂತಿತು. ತೆರೆದ ಬಾಯಿ ತೆರೆದೇ ಇತ್ತು.

"ನೀನ್ ನೋಡ್ದೆ," ಎಂದರು ಸೆಡ್ರಿಕ್.

"ಇಲ್ಲ, ಸೆಡ್ರಿಕ್."

"ಎಷ್ಟು ನೋಡ್ದೆ?"

"ಏನೂ ನೋಡ್ಲಿಲ್ಲ," ಎಂದರು ಲಯನೆಲ್. ಆಮೇಲೆ ಅವರನ್ನು ಸಮಾಧಾನಪಡಿಸಲೆಂದು, "ಒಳ್ಳೇ ಅಡುಗೆಮನೆ," ಎಂದೂ ಸೇರಿಸಿದರು.

ಸೆಡ್ರಿಕ್ ಬಹಳ ಹೊತ್ತು ಅವರನ್ನೇ ನೋಡಿದರು. ಆಮೇಲೆ ಕುರ್ಚಿಯ ಕೈ ಹಿಡಿದು, ಮಂಡಿಯನ್ನು ಶಪಿಸುತ್ತ ಎದ್ದು ನಿಂತರು.

"ತಡೆ ಇತ್ತು," ಎಂದರು ಎರಡೂ ಊರಿಗೆ ಕೇಳುವಂತೆ. "ತಡೆ ನಾನು. ಒಳಚಡ್ಡಿಯಲ್ಲಿದ್ದೆ. ಪೊರಕೆ ಹಿಡ್ಕೊಂಡು ಮೇಜಿನ ಕಾಲು ಬಾರಿಸ್ತಾ ಗಡಿ ನಡೀತಿದ್ದೆ. ಬೇಜಾರಿಲ್ಲ, ಸಾಕಾಗಿದೆ ಅಂದಿದ್ದೆ ನಿಮಗೆಲ್ಲ. ಸುಳ್ಳು ಹೇಳಿದ್ದೆ. ನಾನು ಅಳ್ತಾ ಇದ್ದೆ."

ಒಳಚಡ್ಡಿಯವರೆಗೆ ನಾವು ಹೇಗೋ ತಡೆದುಕೊಂಡಿದ್ದೆವು. ಆದರೆ ನೆಟಲ್‌ಬಿಯ ಗಂಡಸೊಬ್ಬ ನಾಲ್ಕು ಜನರ ಮುಂದೆ "ಅಳ್ತಾ ಇದ್ದೆ" ಎಂದದ್ದು ಇದೇ ಮೊದಲು. ಎಲ್ಲರೂ ಒಟ್ಟಿಗೆ ಬೂಟು ನೋಡಿಕೊಂಡರು. "ನಾಳೆ ಮಳೆ ಬರೋ ಹಾಗಿದೆ," ಎಂದರು ಯಾರೋ, ದನಿ ಒಡೆದಿತ್ತು. ಬೆರಿಲ್ ಲೋಟ ಒರೆಸುವ ಬಟ್ಟೆಯಲ್ಲೇ ಮೂಗು ಒರೆಸಿಕೊಂಡಳು. ನಾನೂ ಅತ್ತೆ. ಹೇಳಿಬಿಡುವುದೇ ವಾಸಿ.

ಮೇಜರ್ ಫೆನ್‌ವಿಕ್ ಎದ್ದರು. ಒಲೆಯ ಪಕ್ಕದ ಕುರ್ಚಿಯನ್ನು ಅದರ ಜಾಗಕ್ಕೆ ಸರಿಸಿಟ್ಟರು. ಸ್ಟೋಕಿನವರ ಕಡೆ ನೋಡಿದರು. ಅವರಲ್ಲಿ ತಲೆಯೆತ್ತಿದ್ದವರು ಯಾರೂ ಇರಲಿಲ್ಲ.

"ಅಳುತ್ತಿರುವ ಮನುಷ್ಯ," ಎಂದರು ಮೇಜರ್ ಗಂಭೀರವಾಗಿ, "ಸ್ಟೋಕಿನ ಪದ್ಧತಿಯಲ್ಲೂ ತಡೆಯೇ. ಗೂಳಿಗಿಂತ ದೊಡ್ಡ ತಡೆ." ಕಿಟಕಿಯ ಕಡೆ ತಿರುಗಿ, "ಸೂರ್ಯ ಇನ್ನೂ ಇದ್ದಾನೆ. ನೀವು ಬೇಗ ಹೊರಟ್ರೆ ಒಳ್ಳೇದು," ಎಂದರು. ಬಾಗಿಲವರೆಗೆ ಹೋದವರು ನಿಂತು, "ನಾವೂ ಬರ್ಬಹುದಾ?" ಎಂದು ಕೇಳಿದರು.

ಎರಡೂ ಊರು ಒಟ್ಟಿಗೆ ನಡೆದ ಗಡಿ ನಡಿಗೆ ಅದೊಂದೇ. ದಾರಿ ಒಂದು ಕೂಗಳತೆಯಷ್ಟೂ ಇರಲಿಲ್ಲ. ಲಯನೆಲ್ ಬೆತ್ತವನ್ನು ಸೆಡ್ರಿಕ್ ಕೈಗೆ ಕೊಟ್ಟು, ಅವರ ತೋಳನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಅಡುಗೆಮನೆಯ ಬಾಗಿಲನ್ನು ಎರಡೂ ಕೈಯಲ್ಲಿ ಎತ್ತಿ ತೆರೆದರು. ಮೇಜಿನ ಪಕ್ಕದಿಂದ ಎಲ್ಲರೂ ಸಾಲಾಗಿ ಹೋದರು, ಯಾರೂ ಆ ಮೇಜನ್ನು ನೋಡಲಿಲ್ಲ. ಕಿಟಕಿಯ ಬಳಿ ಸ್ವಲ್ಪ ತೊಂದರೆಯಾಯಿತು. ಹೊರಗಿನಿಂದ ಮೇಜರ್ ಎಳೆದರು, ಒಳಗಿನಿಂದ ಲಯನೆಲ್ ತಳ್ಳಿದರು, ನಡುವೆ ಸೆಡ್ರಿಕ್ ಎರಡೂ ಊರಿನವರನ್ನು ಯಾವ ಪಕ್ಷಪಾತವೂ ಇಲ್ಲದೆ ಬೈದರು. ಸೂರ್ಯನ ಅಂಚು ಗೋಪುರದ ಹಿಂದೆ ಇಳಿಯುವಾಗ ಬಿಳಿ ಟಗರಿನ ಹಿಂಬಾಗಿಲ ಕಲ್ಲಿನ ಮೇಲೆ ಬೆತ್ತ ಬಿತ್ತು. ಬಾಗಿಲಲ್ಲಿ ನಿಂತಿದ್ದ ಬೆರಿಲ್, "ಅಬ್ಬಾ, ಮನೆಗೆ ಬಂದೆ," ಎಂದಳು.

ನಾವೆಲ್ಲ ಒಳಗೆ ನುಗ್ಗುವುದರಲ್ಲಿದ್ದೆವು. ಸೆಡ್ರಿಕ್ ಬೆತ್ತವನ್ನು ಅಡ್ಡ ಹಿಡಿದರು.

"ಇರಿ. ಒಂದು ಕೆಲಸ ಬಾಕಿ ಇದೆ. ಹಿಡೀರಿ ಇವನನ್ನ."

ಕೊನೆಯ ಕಲ್ಲಿನ ಬಳಿ ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಊರಿನಲ್ಲಿ ಹುಟ್ಟಿದ ಮಗು ಮೊದಲ ಸಲ ಗಡಿ ನಡೆದು ಬಂದಾಗ, ಗಡಿ ಎಲ್ಲಿದೆಯೆಂದು ಜೀವಮಾನದಲ್ಲಿ ಮರೆಯದಿರಲಿ ಎಂದು, ಕೈಕಾಲು ಹಿಡಿದೆತ್ತಿ ಕುಂಡೆಯನ್ನು ಕಲ್ಲಿಗೆ ಮೂರು ಸಲ ಕುಕ್ಕುತ್ತೇವೆ. ನನ್ನನ್ನು ಕುಕ್ಕಿದ್ದಾರೆ, ಸೆಡ್ರಿಕ್ ಅವರನ್ನು ಕುಕ್ಕಿದ್ದಾರೆ. ಹೊರಗಿನಿಂದ ಬಂದವರಿಗೆ ಆ ಭಾಗ್ಯ ಇದುವರೆಗೆ ಸಿಕ್ಕಿರಲಿಲ್ಲ.

ಎರಡು ಕೈಗೆ ಇಬ್ಬರು, ಎರಡು ಕಾಲಿಗೆ ಇಬ್ಬರು. ಲಯನೆಲ್ ಅವರ ಟೊಪ್ಪಿ ಬಿತ್ತು.

"ಅಯ್ಯೋ, ಅವನಿಗೆ ಬೆನ್ನು ನೋವಿದೆ!" ಎಂದು ಮ್ಯೂರಿಯಲ್ ಓಡಿಬಂದಳು.

"ಮ್ಯೂರಿಯಲ್," ಎಂದರು ಲಯನೆಲ್ ಆಕಾಶ ನೋಡುತ್ತ, "ನೀನು ಮಧ್ಯೆ ಬರ್ಬೇಡ."

ಸೆಡ್ರಿಕ್ ಎಣಿಸಿದರು. ಮೂರನೆಯದು ಸ್ವಲ್ಪ ಜೋರಾಗಿಯೇ ಬಿತ್ತು. ಆಮೇಲೆ ಅವರು ಸ್ಟೋಕಿನವರ ಕಡೆ ತಿರುಗಿ, ಪರಿಚಯ ಮಾಡಿಕೊಡುವವರಂತೆ ಬೆತ್ತದಿಂದ ತೋರಿಸಿ, "ಇವನು ಲಯನೆಲ್. ನಮ್ಮೂರ ಹುಡುಗ," ಎಂದರು.

ಲಯನೆಲ್ ಟಪ್ಪರ್ ಮುಂದಿನ ವಾರವೆಲ್ಲ ಬಿಳಿ ಟಗರಿನಲ್ಲಿ ನಿಂತುಕೊಂಡೇ ಕುಡಿದರು. ಯಾರಾದರೂ ಕುರ್ಚಿ ಎಳೆದು ಕೊಟ್ಟರೆ, ತಮಗೆ ಕೂರಲು ಏಕೆ ಆಗುವುದಿಲ್ಲ ಎಂಬುದನ್ನು ಅವರು ಕೇಳದಿದ್ದರೂ ಹೇಳುತ್ತಿದ್ದರು.